ಪುಸ್ತಕಕ್ಕೆ ಹೂಂಗುಟ್ಟಿದ ಅಪರಾಧ

ಮಾನ್ಯ ಕೌಂಟಿ ಗ್ರಂಥಾಲಯ ನಿರ್ದೇಶಕರೇ,

ನಮ್ಮ ಚರ್ಚಿನ ಎಲ್ಲರಿಗಿಂತ ಹಿರಿಯರಾದ, ನಾವೆಲ್ಲ ತಾಯಿಯ ಗೌರವ ಕೊಟ್ಟು ಮದರ್ ಎಂದು ಕರೆಯುವ, ಎಂಬತ್ತೇಳು ವರ್ಷದ ಆರ್ಝೆಲಾ ಗ್ಯಾಡ್ಸನ್ ಅವರು ಒಂದು ವರ್ಷದ ಕಾಲ ಗ್ರಂಥಾಲಯದೊಳಗೆ ಕಾಲಿಡಬಾರದೆಂದು ನೀವು ನಿಷೇಧಿಸಿದ್ದೀರಿ. ಅವರು ಪುಸ್ತಕ ಕದ್ದಿರಲಿಲ್ಲ, ಹಾಳೆ ಹರಿದಿರಲಿಲ್ಲ, ಯಾರ ಮೇಲೂ ಕೈ ಮಾಡಿರಲಿಲ್ಲ. ಪುಸ್ತಕ ಓದುವುದನ್ನು ಕೇಳುತ್ತ ಕೂತಿದ್ದಾಗ ಹೂಂಗುಟ್ಟಿದರು. ಅದೂ ಎಲ್ಲಿ? ಕಪ್ಪು ಜನರ ಇತಿಹಾಸವನ್ನು ಪುಸ್ತಕ ಓದಿ ಸಂಭ್ರಮಿಸೋಣ ಬನ್ನಿ ಎಂದು ನೀವೇ ಬಾಗಿಲಿಗೆ ಬ್ಯಾನರು ಕಟ್ಟಿ, ನೀವೇ ನಮ್ಮ ಚರ್ಚಿನವರೆಗೆ ಬಂದು ಕರೆದ ಸಮಾರಂಭದಲ್ಲಿ. ಆ ಸಂಭ್ರಮ ನೆನಪಾದಾಗಲೆಲ್ಲ ನನಗೆ ಹೇಸಿಗೆಯಾಗುತ್ತದೆ. ಆ ಹೇಸಿಗೆಯನ್ನು ಒಬ್ಬಳೇ ನುಂಗಿಕೊಂಡು ಕೂರುವ ಮನಸ್ಸಿಲ್ಲ, ಅದಕ್ಕೇ ಊರಿನ ಪತ್ರಿಕೆಯಲ್ಲಿ ಎಲ್ಲರಿಗೂ ಕಾಣುವಂತೆ ಬರೆಯುತ್ತಿದ್ದೇನೆ.

ನಿಮ್ಮ ಆದೇಶದಲ್ಲಿ ಕಾರಣವನ್ನು ಬಹಳ ಸಭ್ಯವಾಗಿ ನಮೂದಿಸಿದ್ದೀರಿ. 'ಸದರಿ ಮಹಿಳೆಯು ಓದುತ್ತಿದ್ದವರಿಗೆ ಪದೇಪದೇ ಅಡ್ಡಿಪಡಿಸಿದ್ದು, ಸೂಚನೆ ನೀಡಿದ ನಂತರವೂ ಅದನ್ನೇ ಮುಂದುವರಿಸಿದ್ದರಿಂದ' ಎಂದಿದೆ. ಮಾನ್ಯರೇ, ಓದುತ್ತಿದ್ದವಳು ನಾನು. ನನಗೆ ಅಡ್ಡಿಯಾಯಿತೆಂದು ನಿಮಗೆ ಹೇಳಿದವರು ಯಾರು? ಸದರಿ ಓದುತ್ತಿದ್ದವಳನ್ನು ಒಂದು ಮಾತು ಕೇಳಿದಿರಾ? ನನ್ನ ಪರವಾಗಿ ನೀವೇ ನೊಂದುಕೊಂಡು, ನನ್ನ ಪರವಾಗಿ ನೀವೇ ಸಿಟ್ಟಾಗಿ, ನನ್ನನ್ನು ಕಾಪಾಡಲೆಂದು ನನ್ನ ತಾಯಿಯ ಸಮಾನರಾದವರನ್ನು ಹೊರಗೆ ಹಾಕಿಸಿದಿರಿ. ಇಂಥ ಉಪಕಾರವನ್ನು ನಾನು ಹೇಗೆ ತೀರಿಸಲಿ? ಈ ಪತ್ರವನ್ನು ಮೊದಲ ಕಂತು ಎಂದು ಸ್ವೀಕರಿಸಬೇಕು.

ಮೌಂಟ್ ನೀಬೋ ಚರ್ಚಿನ ನೆಲಮಾಳಿಗೆಯಲ್ಲಿ ಶನಿವಾರ ಬೆಳಗ್ಗೆ ಒಂದಷ್ಟು ಜನ ಸೇರಿ ನಮ್ಮವರ ಚರಿತ್ರೆಯ ಪುಸ್ತಕಗಳನ್ನು ಓದುವುದು, ನಾನು ಶಾಲಾ ಬಸ್ಸು ಓಡಿಸುವ ಕೆಲಸಕ್ಕೆ ಸೇರುವುದಕ್ಕೂ ಮುಂಚಿನಿಂದ ನಡೆದುಬಂದಿದೆ. ಒಬ್ಬರು ಓದುತ್ತಾರೆ, ಉಳಿದವರು ಸುಮ್ಮನಿರುವುದಿಲ್ಲ. ಮದರ್ ಗ್ಯಾಡ್ಸನ್ ಚಿಕ್ಕವರಿದ್ದಾಗ ಇಡೀ ಸಭೆಗೆ ಇದ್ದದ್ದು ಒಂದೇ ಹಾಡಿನ ಪುಸ್ತಕ, ಅಕ್ಷರ ಬಲ್ಲವರು ಇಬ್ಬರೋ ಮೂವರೋ. ಪಾದ್ರಿಗೆ ನೆರವಾಗುವ ಹಿರಿಯ, ಅಂದರೆ ಡೀಕನ್, ಒಂದು ಸಾಲು ಓದಿ ಹೇಳುವುದು, ಸಭೆಯೆಲ್ಲ ಅದನ್ನು ಎತ್ತಿಕೊಂಡು ಎಳೆದೆಳೆದು ಹಾಡುವುದು, ಆಮೇಲೆ ಮುಂದಿನ ಸಾಲು. ಈಗ ಎಲ್ಲರಿಗೂ ಓದಲು ಬರುತ್ತದೆ, ಆದರೂ ಆ ರೂಢಿ ಹೋಗಿಲ್ಲ. ಚರಿತ್ರೆಯನ್ನೂ ನಾವು ಹಾಗೆಯೇ ಓದುತ್ತೇವೆ. ಒಂದು ವಾಕ್ಯ ಮುಗಿದ ಮೇಲೆ ನಾನು ಎಡೆ ಬಿಡುತ್ತೇನೆ. ಆ ಎಡೆಯಲ್ಲಿ ಒಬ್ಬರು 'ಹೂಂ' ಅನ್ನುತ್ತಾರೆ, ಇನ್ನೊಬ್ಬರು 'ನಿಧಾನವಾಗಿ ಹೇಳಮ್ಮ, ಅವಸರ ಏನಿಲ್ಲ' ಅನ್ನುತ್ತಾರೆ, ಮನಸ್ಸಿಗೆ ನಾಟಿದ ಮಾತಾದರೆ ಎಲ್ಲರೂ ಅದನ್ನು ತಿರುಗಿ ಹೇಳುತ್ತಾರೆ. ಬರೆದವರು ಪಾಂಡಿತ್ಯ ಪ್ರದರ್ಶಿಸಲು ಹೋದದ್ದರಿಂದ ನಾನು ನಡುವೆ ತಡವರಿಸಿದರೆ, ಡೀಕನ್ ಥರ್ಮನ್ ಹಿಂದಿನ ಕುರ್ಚಿಯಿಂದ 'ದೇವರೇ, ಈಕೆಯನ್ನ ಕಾಪಾಡಪ್ಪಾ' ಅನ್ನುತ್ತಾರೆ. ಕೆಟ್ಟ ಪ್ರಸಂಗ ಮಾಡುವ ಪಾದ್ರಿಗೆ ಮೀಸಲಾದ ಪ್ರಾರ್ಥನೆ ಅದು. ಎಲ್ಲರೂ ನಗುತ್ತಾರೆ, ನಾನೂ ನಗುತ್ತೇನೆ, ಮತ್ತೆ ಓದುತ್ತೇನೆ. ಎದುರಿಗಿದ್ದ ಜನ ಹೂಂ ಅನ್ನದಿದ್ದರೆ ಗೋಡೆಗೆ ಓದಿದಂತೆಯೇ. ಮದರ್ ಗ್ಯಾಡ್ಸನ್ ಅವರ ಕಣ್ಣು ಮಂಜಾಗಿ ಕೆಲವು ವರ್ಷಗಳಾದವು, ಅವರಿಗೆ ಪುಸ್ತಕ ಅಂದರೆ ಈಗ ಇದೊಂದೇ.

ಜನವರಿಯಲ್ಲಿ ನೀವು ಆ ನೆಲಮಾಳಿಗೆಗೆ ಬಂದಿರಿ. ಸ್ವಲ್ಪ ಹೊತ್ತು ಕೂತಿರಿ. ಡೀಕನ್ನರ ಹೆಂಡತಿ ಮಾಡಿದ ಸಿಹಿಗೆಣಸಿನ ಪೈ ಎರಡು ತುಂಡು ತಿಂದಿರಿ. ಕಣ್ಣಲ್ಲಿ ನೀರು ತಂದುಕೊಂಡು, ಇಷ್ಟು ಜೀವಂತವಾದ ಓದನ್ನು ಎಲ್ಲೂ ನೋಡಿಲ್ಲ ಎಂದಿರಿ. ಫೆಬ್ರವರಿ ಕಪ್ಪು ಜನರ ಇತಿಹಾಸದ ತಿಂಗಳು, ಅದರ ಸಮಾರಂಭಕ್ಕೆ ನೀವೆಲ್ಲ ಬಂದು ಗ್ರಂಥಾಲಯದಲ್ಲಿ ಓದಬೇಕು, ಹೇಗಿದ್ದೀರೋ ಹಾಗೆಯೇ ಬನ್ನಿ, ನಮಗೋಸ್ಕರ ಏನನ್ನೂ ಬದಲಾಯಿಸಿಕೊಳ್ಳಬೇಡಿ ಎಂದು ಕೈ ಹಿಡಿದು ಕೇಳಿದಿರಿ. ನಾವು ಕರೆದರೆ ಓಗೊಡುವ ಜನ. ಹೇಗಿದ್ದೀರೋ ಹಾಗೆ ಬನ್ನಿ ಎಂದರೆ ಹೇಗಿದ್ದೇವೋ ಹಾಗೆ ಬರುವುದು ಎಂದು ತಿಳಿದುಕೊಂಡುಬಿಟ್ಟೆವು. ಬೇರೆ ಯಾರಾದರೂ ಆಗಿದ್ದರೆ ಇದು ಬಾಯಿಮಾತಿನ ಉಪಚಾರ ಎಂದು ಅರ್ಥ ಮಾಡಿಕೊಳ್ಳುತ್ತಿದ್ದರೇನೋ. ನಮಗೆ ಆ ಜಾಣತನ ಬರಲಿಲ್ಲ. ಚರ್ಚಿನ ತಾಯಂದಿರು ತಿಂಗಳ ಮೊದಲ ಭಾನುವಾರ ತೊಡುವ ಬಿಳಿ ಉಡುಪನ್ನೂ ಬಿಳಿ ಟೋಪಿಯನ್ನೂ ಮದರ್ ಗ್ಯಾಡ್ಸನ್ ಹಿಂದಿನ ದಿನವೇ ಇಸ್ತ್ರಿ ಮಾಡಿಸಿಟ್ಟುಕೊಂಡಿದ್ದರು.

ಅವರಿಗೆ ಅಷ್ಟು ಆತುರವಿದ್ದದ್ದು ನಿಮ್ಮ ಸಮಾರಂಭಕ್ಕಾಗಿ ಅಲ್ಲ. ನಿಮ್ಮ ಸ್ಥಳೀಯ ಚರಿತ್ರೆಯ ಕೋಣೆಯಲ್ಲಿ, ಗಾಜಿನ ಬೀರುವಿನೊಳಗೆ, ಹೊರಗೆ ಒಯ್ಯಲು ಬಿಡದ ಪುಸ್ತಕವೊಂದಿದೆ. ಸಟಿಲಾ ನದಿಯ ದಂಡೆಯ ಪೈನ್ ಕಾಡುಗಳಲ್ಲಿ, ಮರದ ರಾಳದಿಂದ ಟರ್ಪೆಂಟೈನ್ ಎಣ್ಣೆ ತೆಗೆಯುವ ಕ್ಯಾಂಪುಗಳಲ್ಲಿ ದುಡಿದ ಕಪ್ಪು ಕೆಲಸಗಾರರ ಮಾತುಗಳನ್ನು ಯಾರೋ ಪುಣ್ಯಾತ್ಮರು ಕೂತು ಕೇಳಿ ಬರೆದಿಟ್ಟ ಪುಸ್ತಕ. ಮದರ್ ಗ್ಯಾಡ್ಸನ್ ಅವರ ಅಪ್ಪ ಅಂಥದೊಂದು ಕ್ಯಾಂಪಿನಲ್ಲಿ ಮರದ ಮೈ ಕೆತ್ತಿ ರಾಳ ಇಳಿಸುತ್ತಿದ್ದವರು. ಒಂದು ಸಲ ಹೋದವರು ತಿರುಗಿ ಬರಲಿಲ್ಲ. ಆಗ ಈಕೆಗೆ ಎಂಟು ವರ್ಷ. ಓಡಿಹೋದ ಎಂದರು ಕ್ಯಾಂಪಿನ ಯಜಮಾನರು. ಹೆಂಡತಿ ಮಕ್ಕಳನ್ನು ಬಿಟ್ಟು ಓಡಿಹೋದವನ ಮಗಳು ಎಂಬ ಮಾತನ್ನು ಹೊತ್ತುಕೊಂಡೇ ಅವರು ಬೆಳೆದರು, ಮದುವೆಯಾದರು, ಮುದುಕಿಯಾದರು. ಆ ಪುಸ್ತಕದಲ್ಲಿ ಆ ಕ್ಯಾಂಪಿನ ಬಗ್ಗೆಯೇ ಒಂದು ಅಧ್ಯಾಯವಿದೆ ಎಂದು ನಿಮ್ಮ ಸಿಬ್ಬಂದಿಯೊಬ್ಬರು ಹೇಳಿದ್ದರು. ಹಾಗಾಗಿ ನಾನು ಓದಲು ಆರಿಸಿಕೊಂಡದ್ದು ಅದನ್ನೇ, ಅದು ನಿಮಗೂ ಗೊತ್ತಿತ್ತು, ಒಪ್ಪಿಗೆಯನ್ನೂ ಕೊಟ್ಟಿದ್ದಿರಿ.

ಆ ದಿನದ ಅಲಂಕಾರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಆಫ್ರಿಕಾದ ಬಟ್ಟೆಯ ಚಿತ್ತಾರವಿದ್ದ ಕಾಗದದ ಕರವಸ್ತ್ರದಲ್ಲಿ ಜನ ಬಾಯಿ ಒರೆಸಿಕೊಂಡು ಬುಟ್ಟಿಗೆ ಎಸೆಯುತ್ತಿದ್ದರು. ಮೇಲ್ಗಡೆ ಕೆಂಪಗೆ ಬೇಯದ ಮ್ಯಾಕರೋನಿ ಚೀಸನ್ನು ನಮ್ಮವರ ಊಟ ಎಂದು ಬಡಿಸಿದ್ದನ್ನು ಡೀಕನ್ ಥರ್ಮನ್ ಒಂದು ಚಮಚ ಬಾಯಿಗಿಟ್ಟು, ತಟ್ಟೆಯನ್ನು ಕುರ್ಚಿಯ ಕೆಳಗೆ ಸರಿಸಿ ಅಲ್ಲಿಯೂ ದೇವರ ಸಹಾಯ ಕೋರಿದರು. ಅದನ್ನೆಲ್ಲ ನಾವು ಹೊಟ್ಟೆಗೆ ಹಾಕಿಕೊಂಡೆವು. ನಿಮ್ಮ ಫೋಟೋದವರು ಹಿಂದೆ ಮುಂದೆ ಓಡಾಡುತ್ತಿದ್ದರು. ನಾನು ಓದಲು ಶುರು ಮಾಡಿದೆ, ನಮ್ಮವರು ಹೂಂಗುಟ್ಟಲು ಶುರು ಮಾಡಿದರು. ಮೊದಲ ಪುಟ ಮುಗಿಯುವಷ್ಟರಲ್ಲಿ ಮುಂದಿನ ಸಾಲಿನಲ್ಲಿ ಕೂತಿದ್ದ ನಿಮ್ಮ ಸಮಿತಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡದ್ದು ನನಗೆ ಕಾಣಿಸಿತು.

ಆಮೇಲೆ ಆ ಭಾಗ ಬಂತು. ಕಾಡಿನಲ್ಲಿ ಪ್ರತಿ ಕೆಲಸಗಾರನಿಗೂ ಅವನದೇ ಒಂದು ಕೂಗು ಇರುತ್ತಿತ್ತು ಎಂದು ಪುಸ್ತಕದಲ್ಲಿ ಒಬ್ಬ ಮುದುಕ ಹೇಳುತ್ತಾನೆ. ಒಂದು ಮರ ಕೆತ್ತಿ ಮುಗಿಸಿದೊಡನೆ ಆ ಕೂಗು ಹಾಕಬೇಕು, ದೂರದಲ್ಲಿರುವ ಲೆಕ್ಕದವನು ಅದನ್ನು ಕೇಳಿ ಅವನ ಹೆಸರಿನಲ್ಲಿ ಗೀಟು ಎಳೆಯಬೇಕು. ಒಬ್ಬ ಊರಿನ ಹೆಸರು ಕೂಗಿದರೆ ಇನ್ನೊಬ್ಬ ಹೆಂಡತಿಯ ಹೆಸರು. ಇಷ್ಟನ್ನು ಓದಿ ಎಂದಿನಂತೆ ಎಡೆ ಬಿಟ್ಟೆ. ಮದರ್ ಗ್ಯಾಡ್ಸನ್ ಕೋಲು ಊರಿಕೊಂಡು ಎದ್ದು ನಿಂತರು. 'ಜೆರಿಕೋ' ಎಂದರು, ಮೊದಲು ಮೆಲ್ಲಗೆ. ಆಮೇಲೆ ಇಡೀ ಕೋಣೆಗೆ ಕೇಳುವಂತೆ ಎಳೆದು ಕೂಗಿದರು. ಅದು ಅವರ ಅಪ್ಪನ ಕೂಗು. ಚಿಕ್ಕವಳಿದ್ದಾಗ ಅಪ್ಪನ ಬುತ್ತಿ ಹಿಡಿದು ಹೋಗುವಾಗ, ಯಾವ ಕಡೆ ಹೋಗಬೇಕೆಂದು ಆ ಕೂಗು ಕೇಳಿಯೇ ತಿಳಿದುಕೊಳ್ಳುತ್ತಿದ್ದರಂತೆ. ಇಷ್ಟು ವರ್ಷ ಒಟ್ಟಿಗೆ ಓದಿದ್ದರೂ ನಮ್ಮಲ್ಲಿ ಯಾರಿಗೂ ಅದು ಗೊತ್ತಿರಲಿಲ್ಲ. ನಾವೆಲ್ಲ ಅದನ್ನು ಎತ್ತಿಕೊಂಡು ತಿರುಗಿ ಹೇಳಿದೆವು. ಬಾಗಿಲ ಹತ್ತಿರ ನಿಂತಿದ್ದ ನಿಮ್ಮ ಕಾವಲುಗಾರ ಕ್ಲೀವನ್ ಬ್ರಾಂಟ್ಲಿ, ಮೌಂಟ್ ನೀಬೋದಲ್ಲೇ ಬೆಳೆದವನು, ಅವನ ಬಾಯಿಂದಲೂ ತನಗೇ ತಿಳಿಯದಂತೆ ಅದು ಹೊರಬಿತ್ತು. ನೀವು ಹೇಳುತ್ತಿದ್ದ ಸಂಭ್ರಮ ಎಂಬುದು ಆ ಕಟ್ಟಡದಲ್ಲಿ ಯಾವತ್ತಾದರೂ ನಡೆದಿದ್ದರೆ ಅದು ಆ ಒಂದು ಕ್ಷಣ.

ಆಗ ನೀವು ಎದ್ದು ಬಂದಿರಿ. ದಯವಿಟ್ಟು ಕೂತುಕೊಳ್ಳಿ, ಓದುವವರಿಗೆ ತೊಂದರೆಯಾಗುತ್ತಿದೆ, ಪ್ರಶ್ನೆಗಳಿಗೆ ಕೊನೆಯಲ್ಲಿ ಸಮಯವಿದೆ ಎಂದಿರಿ. ಮಕ್ಕಳಿಗೆ ಹೇಳುವ ದನಿಯಲ್ಲಿ.

"ನಾನು ಪ್ರಶ್ನೆ ಕೇಳ್ಲಿಲ್ವಲ್ಲಪ್ಪಾ" ಎಂದರು ಮದರ್ ಗ್ಯಾಡ್ಸನ್. "ಪುಸ್ತಕ ಕರೀತು, ಓಗೊಟ್ಟೆ."

ತೊಂದರೆಯಾಗಿಲ್ಲ, ಓದುತ್ತೇನೆ ಬಿಡಿ ಎಂದು ನಾನು ಎರಡು ಸಲ ಹೇಳಿದೆ. ನೀವು ಕೈ ಚಾಚಿ ನನ್ನ ಮುಂದಿದ್ದ ಪುಸ್ತಕವನ್ನು ಮುಚ್ಚಿದಿರಿ. ನಿಮ್ಮ ಆದೇಶದಲ್ಲಿ ಈ ಭಾಗ ಹೇಗೋ ಬಿಟ್ಟುಹೋಗಿದೆ. ಓದುತ್ತಿದ್ದವಳಿಗೆ ಆ ದಿನ ಅಡ್ಡಿಪಡಿಸಿದವರು ಒಬ್ಬರೇ, ಅವರು ನಿಷೇಧಕ್ಕೆ ಸಹಿ ಹಾಕಿದವರು. ಪುಸ್ತಕ ಮುಚ್ಚಿದ್ದನ್ನು ಕಂಡು ಮದರ್ ಗ್ಯಾಡ್ಸನ್ ಮತ್ತೊಮ್ಮೆ ಕೂಗಿದರು, ಈ ಸಲ ಅದರಲ್ಲಿ ಅಳು ಸೇರಿಕೊಂಡಿತ್ತು. ಸೂಚನೆ ನೀಡಿದ ನಂತರವೂ ಮುಂದುವರಿಸಿದ್ದು ಎಂದು ನೀವು ಬರೆದಿರುವುದು ಇದನ್ನೇ. ನೀವು ಕ್ಲೀವನ್‌ನ ಕಡೆಗೆ ತಿರುಗಿ ಸನ್ನೆ ಮಾಡಿದಿರಿ. ಅವನನ್ನು ತೊಟ್ಟಿಲಲ್ಲಿ ತೂಗಿದವರ ತೋಳನ್ನೇ ಅವನು ಹಿಡಿಯಬೇಕಾಯಿತು.

"ಮದರ್, ನನ್ನ ಕೈಲಿ ಇದನ್ನ ಮಾಡಿಸ್ಬೇಡಿ" ಎಂದ ಅವನು.

"ಮಾಡಿಸ್ತಿರೋದು ನಾನಲ್ಲ ಮಗಾ. ಮನೇಲಿ ಮಕ್ಕಳಿದಾರೆ ನಿಂಗೆ, ಕೆಲ್ಸ ಕಳ್ಕೋಬೇಡ, ನಡಿ. ಟೋಪಿ ನೆಟ್ಟಗಿದೆಯಾ ನೋಡು ಸ್ವಲ್ಪ."

ಅವನು ಟೋಪಿ ಸರಿಪಡಿಸಿದ. ಇಬ್ಬರೂ ನಡೆದು ಹೋದರು. ನಿಮ್ಮ ಫೋಟೋದವರು ಆಗ ಮಾತ್ರ ಕ್ಯಾಮೆರಾ ಕೆಳಗಿಳಿಸಿದ್ದರು. ನಾವು ಉಳಿದವರು ನಮ್ಮ ನಮ್ಮ ಕೋಟು ಎತ್ತಿಕೊಂಡು ಅವರ ಹಿಂದೆಯೇ ಹೊರಟೆವು. ನೀವು ಮೈಕು ಹಿಡಿದು, ಅನಿವಾರ್ಯ ಕಾರಣಗಳಿಂದ ಓದು ಇಲ್ಲಿಗೆ ಮುಗಿಯಿತು, ಕೇಕು ಕತ್ತರಿಸೋಣ ಎಂದದ್ದು ಬಾಗಿಲವರೆಗೂ ಕೇಳಿಸಿತು.

ಗ್ರಂಥಾಲಯ ಎಂದಮೇಲೆ ನಿಶ್ಶಬ್ದ ಬೇಕು ಎಂಬುದು ನಿಮ್ಮ ವಾದ. ಆಗಲಿ. ಮಂಗಳವಾರ ಅದೇ ಕೋಣೆಯಲ್ಲಿ ಪುಟ್ಟ ಮಕ್ಕಳ ಕಥಾಸಮಯವಿದೆ. ಅಲ್ಲಿ ನಿಮ್ಮ ಸಿಬ್ಬಂದಿ ಬಾತುಕೋಳಿಯ ಕಥೆ ಓದುತ್ತಾರೆ, ಮಕ್ಕಳು ಬಾತುಕೋಳಿಗಳಾಗಿ ಅರಚುತ್ತವೆ, ತಾಯಂದಿರು ಚಪ್ಪಾಳೆ ತಟ್ಟುತ್ತಾರೆ. ಯಾವ ಬಾತುಕೋಳಿಗೂ ಇದುವರೆಗೆ ನಿಷೇಧದ ಆದೇಶ ಹೋದಂತಿಲ್ಲ. ಹಾಗಾದರೆ ನಿಮಗೆ ಆಗದಿರುವುದು ಶಬ್ದವಲ್ಲ. ಪುಸ್ತಕದೊಳಗಿನ ಕಪ್ಪು ಜನರ ಮೇಲೆ ನಿಮಗೆ ಎಲ್ಲಿಲ್ಲದ ಪ್ರೀತಿ. ಅವರು ಎಷ್ಟು ಅತ್ತರೂ ಕೂಗಿದರೂ ಸಹಿಸುತ್ತೀರಿ, ಏಕೆಂದರೆ ಬೇಡವೆನಿಸಿದಾಗ ಮುಚ್ಚಬಹುದು. ಅವರ ಮಗಳು ಮೂರನೆಯ ಸಾಲಿನ ಕುರ್ಚಿಯಿಂದ ಎದ್ದು ನಿಂತು ಅದೇ ಮಾತನ್ನು ಹೇಳಿದರೆ ಮಾತ್ರ ಕಾವಲುಗಾರ ಬೇಕಾಗುತ್ತದೆ. ಇದನ್ನು ಸಂಭ್ರಮ ಎಂದು ಕರೆಯಲು ಬಾಯಿ ಹೇಗೆ ಬಂತು ನಿಮಗೆ?

ನಾನು ನಿಮ್ಮ ಕಚೇರಿಗೂ ಬಂದೆ. ಮೇಲ್ಮನವಿ ಸಲ್ಲಿಸಬಹುದು, ಸಮಿತಿ ಶರತ್ಕಾಲದ ಸಭೆಯಲ್ಲಿ ಪರಿಶೀಲಿಸುತ್ತದೆ ಎಂದಿರಿ. ನನ್ನ ಮುಖ ನೋಡಿ ಕನಿಕರ ಹುಟ್ಟಿತೇನೋ, ಒಂದು ಉಪಾಯವನ್ನೂ ಹೇಳಿಕೊಟ್ಟಿರಿ: ಉಳಿದ ಪುಟಗಳನ್ನು ನಕಲು ತೆಗೆದು ಕೊಡುತ್ತೇವೆ, ನೀವು ಅವರ ಮನೆಗೆ ಹೋಗಿ ಓದಿ ಹೇಳಿ, ಎಲ್ಲರಿಗೂ ಅನುಕೂಲ. ಕೇಳಲು ಎಷ್ಟು ಸರಳ! ನಾನೂ ಒಂದು ಗಳಿಗೆ ಅದೇ ಸರಿ ಅಂದುಕೊಂಡೆ. ಮದರ್ ಗ್ಯಾಡ್ಸನ್ ಅವರಿಗೆ ಹೋಗಿ ಹೇಳಿದೆ. ಅವರು ಅಡುಗೆಮನೆಯಲ್ಲಿ ಕೂತು ಬೀನ್ಸಿನ ನಾರು ತೆಗೆಯುತ್ತಿದ್ದರು. ಕೈ ನಿಲ್ಲಿಸಲಿಲ್ಲ.

"ನೋಡು ವರ್ನೀಸ್, ನಮ್ಮಮ್ಮ ಯಾರ ಬಟ್ಟೆ ಒಗೀತಿದ್ಳೋ ಆ ಬಿಳಿ ಹೆಂಗ್ಸಿನ ಹತ್ರ ಚೀಟಿ ಬರೆಸ್ಕೊಂಡು, ಅದೇ ಲೈಬ್ರರಿ ಹಿಂಬಾಗ್ಲಲ್ಲಿ ನಿಂತು ಪುಸ್ತಕ ಇಸ್ಕೊಂಡೋಳು ನಾನು. ಕಪ್ಪು ಜನಾನ ಒಳಗೆ ಬಿಡ್ತಿರ್ಲಿಲ್ಲ, ಮಳೆ ಬಂದ್ರೂ ಅಲ್ಲೇ ನಿಲ್ಬೇಕಿತ್ತು. ನಮ್ಮಪ್ಪನ ಸುದ್ದಿನೂ ಹಾಗೆ ಹಿಂಬಾಗ್ಲಿಂದ ತರಿಸ್ಕೊಂಡು ಕೇಳ್ಬೇಕಾ? ಆತ ಓಡಿಹೋದ ಅಂತ ಊರೆಲ್ಲ ಕೂತಿರೋವಾಗ ಹೇಳಿದ್ರು ಕಣೇ. ಏನಾಯ್ತು ಅನ್ನೋದನ್ನೂ ಊರು ಕೂತಿರೋ ಕಡೇನೇ ಕೇಳ್ತೀನಿ. ಇಲ್ಲಾಂದ್ರೆ ಕೇಳದೇ ಹೋಗ್ತೀನಿ."

ಹೋಗುತ್ತೇನೆ ಎಂದರೆ ಎಲ್ಲಿಗೆ ಎಂದು ನಾನು ಕೇಳಲಿಲ್ಲ. ಅವರ ಹೃದಯ ಸೋತಿದೆ. ಬೇಸಿಗೆಯನ್ನು ಕಂಡರೆ ಹೆಚ್ಚು ಎಂದು ಡಾಕ್ಟರು ಮನೆಯವರಿಗೆ ಹೇಳಿದ್ದಾರೆ, ಅವರಿಗೂ ಹೇಳಿದ್ದಾರೆ. ಪರರ ಕಾಯಿಲೆಯ ಸುದ್ದಿಯನ್ನು ಪತ್ರಿಕೆಗೆ ಹಾಕಿದಳೆಂದು ಯಾರೂ ನನ್ನ ಮೇಲೆ ಮೂಗು ಮುರಿಯಬೇಕಾಗಿಲ್ಲ. ಬರೆದು ಹಾಕು, ನನಗೇನು ನಾಚಿಕೆ ಎಂದು ಅವರೇ ಅಪ್ಪಣೆ ಕೊಟ್ಟಿದ್ದಾರೆ. ನಿಮ್ಮ ಸಮಿತಿಯ ಶರತ್ಕಾಲದ ಸಭೆಗೆ ಅವರು ಹಾಜರಾಗುವುದಿಲ್ಲ.

ಕಳೆದ ವಾರ ನಾನೊಬ್ಬಳೇ ಗ್ರಂಥಾಲಯಕ್ಕೆ ಬಂದಿದ್ದೆ. ನನಗೆ ನಿಷೇಧವಿಲ್ಲವಲ್ಲ, ನಾನು ನೊಂದ ಪಕ್ಷದವಳು! ಮುಂಬಾಗಿಲ ಗಾಜಿಗೆ ಹೊಸ ಪೋಸ್ಟರು ಅಂಟಿಸಿದ್ದೀರಿ. ಬಿಳಿ ಟೋಪಿ ಹಾಕಿಕೊಂಡ ಮುದುಕಿಯೊಬ್ಬರು ತಲೆ ಹಿಂದಕ್ಕೆ ಹಾಕಿ ಬಾಯ್ತುಂಬ ನಗುತ್ತಿದ್ದಾರೆ, ಕೆಳಗೆ 'ಗ್ರಂಥಾಲಯ ಎಲ್ಲರದು' ಎಂದಿದೆ. ಸಮಾರಂಭದ ಮೊದಲ ಹತ್ತು ನಿಮಿಷದಲ್ಲಿ ತೆಗೆದ ಫೋಟೋ. ಅವರ ಮುಖ ಬಾಗಿಲಲ್ಲಿರಬಹುದು, ಅವರು ಬಾಗಿಲು ದಾಟಬಾರದು. ಇದನ್ನು ಅಂಟಿಸುವಾಗ ಒಬ್ಬರಿಗಾದರೂ ನಾಚಿಕೆಯಾಗಲಿಲ್ಲವೇ? ನನಗೆ ಅದನ್ನು ಕಿತ್ತು ಹಾಕಬೇಕೆನ್ನಿಸಿತು. ಅವರ ನಗುವನ್ನು ಹರಿಯಲು ಮನಸ್ಸು ಬರದೆ ಒಳಗೆ ಹೋದೆ.

ಒಳಗೆ ಆ ಪುಸ್ತಕ ಕೇಳಿ ಇಸಿದುಕೊಂಡು, ನೀವು ಮುಚ್ಚಿದ ಜಾಗದಿಂದ ಮುಂದಕ್ಕೆ, ನಿಮಗೆ ಇಷ್ಟವಾಗುವಂತೆ ತುಟಿ ಅಲುಗಿಸದೆ ಓದಿದೆ. ಮೂರು ಪುಟ ದಾಟಿದ ಮೇಲೆ ಬಾಯಿಗೆ ಕೋಟಿನ ತೋಳನ್ನು ಒತ್ತಿಕೊಂಡೆ. ಅಲ್ಲಿದ್ದವರಿಗೆ ಯಾರಿಗೂ ತೊಂದರೆಯಾಗಲಿಲ್ಲ. ಮದರ್ ಗ್ಯಾಡ್ಸನ್, ನಿಮ್ಮ ಮೊಮ್ಮಗಳು ನಿಮಗೆ ಈ ಪತ್ರಿಕೆಯನ್ನು ಓದಿ ಹೇಳುತ್ತಿರುತ್ತಾಳೆಂದು ನನಗೆ ಗೊತ್ತು, ಹಾಗಾಗಿ ಇಷ್ಟು ಮಾತ್ರ ಬರೆಯುತ್ತೇನೆ. ನಿಮ್ಮ ಅಪ್ಪ ಆ ಪುಟದಲ್ಲಿದ್ದಾರೆ. ಅವರು ಓಡಿಹೋಗಲಿಲ್ಲ. ಉಳಿದದ್ದನ್ನು ನೀವು ಎಲ್ಲಿ ಕೇಳುತ್ತೇನೆಂದಿರೋ ಅಲ್ಲಿಯೇ ಓದುತ್ತೇನೆ, ಅದಕ್ಕೆ ಮೊದಲು ಯಾರು ಕೇಳಿದರೂ ಬಾಯಿ ಬಿಡುವುದಿಲ್ಲ.

ಈಗ ನಿರ್ದೇಶಕರೇ, ನಿಮ್ಮಿಂದ ನನಗೆ ಕ್ಷಮಾಪಣೆ ಬೇಡ. ನೀವು ಕ್ಷಮೆ ಕೇಳಲು ಬಂದರೆ ಅದಕ್ಕೂ ಫೋಟೋದವರನ್ನು ಕರೆತರುತ್ತೀರೆಂಬ ಭಯವಿದೆ. ಮುಂದಿನ ಫೆಬ್ರವರಿಗೆ ಬ್ಯಾನರು ಬೇಡ, ಕೇಕು ಬೇಡ, ನಮ್ಮ ಇತಿಹಾಸದ ಬಗ್ಗೆ ನಿಮ್ಮ ಭಾಷಣವಂತೂ ಬೇಡವೇ ಬೇಡ. ಬರುವ ಶನಿವಾರ ಬೆಳಗ್ಗೆ ಮೌಂಟ್ ನೀಬೋದವರೆಲ್ಲ ಮದರ್ ಗ್ಯಾಡ್ಸನ್ ಅವರನ್ನು ಕರೆದುಕೊಂಡು ಬರುತ್ತೇವೆ. ಕ್ಲೀವನ್ ಆ ದಿನ ರಜೆ ಹಾಕಿದ್ದಾನೆ, ತಡೆಯಬೇಕಾದರೆ ಬೇರೆ ಯಾರನ್ನಾದರೂ ಗೊತ್ತು ಮಾಡಿಕೊಳ್ಳಿ. ಆ ಪುಟಗಳನ್ನು ನಾನೊಬ್ಬಳೇ ಓದಿದರೆ ಐದು ನಿಮಿಷದ ಕೆಲಸ. ಅವರು ಕೂತು ಕೇಳಿದರೆ, ಅಳುವುದು ಓಗೊಡುವುದು ಎಲ್ಲ ಸೇರಿ, ಅರ್ಧ ಗಂಟೆಯಾದೀತು. ನಿಮ್ಮ ಒಂದು ವರ್ಷದಲ್ಲಿ ಆ ಅರ್ಧ ಗಂಟೆಯನ್ನು ಬಿಟ್ಟುಕೊಡಿ. ಉಳಿದ ವರ್ಷವನ್ನು ನೀವೇ ಇಟ್ಟುಕೊಳ್ಳಿ, ಅವರಿಗೆ ಅದು ಬೇಕಾಗುವುದಿಲ್ಲ.

ಇಂತಿ,
ನಿಮ್ಮ ಗ್ರಂಥಾಲಯದ ಕಾರ್ಡನ್ನು ಹರಿದು ಹಾಕಲು ಇನ್ನೂ ಮನಸ್ಸು ಬಾರದ,
ವರ್ನೀಸ್ ಹೈಸ್ಮಿತ್
ನಿವೃತ್ತ ಶಾಲಾ ಬಸ್ ಚಾಲಕಿ